ಅರ್ಥಕ್ಕೊಂದು ಅಳತೆ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದೊಡನೆ ಅರ್ಥಧಾರಿಯು ಅಲ್ಲಿಯೇ ಮಾತು ಕಟ್ಟಬೇಕು. ಆ ಮಾತು ಎಷ್ಟು ಉದ್ದವಿರಬೇಕು? ಸಂದರ್ಭದ ತೂಕದಷ್ಟು. ದೂತನ ವಾರ್ತೆಗೆ ನಾಲ್ಕು ವಾಕ್ಯ ಸಾಕು. ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿಯು ಪ್ರಶ್ನಿಸುವಾಗ ಅರ್ಧ ತಾಸೂ ಹೆಚ್ಚಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಹೆಸರಾದುದು ವಾದದ ಬಲದಿಂದ, ಬರಿಯ ಉದ್ದದಿಂದಲ್ಲ.

ಆದರೆ ಮನ್ಮಾಡದಂತಹ ಜಂಕ್ಷನ್ ಊರಿನಲ್ಲಿ ನಮ್ಮವರು ಕೂಟಕ್ಕೆ ಕುಳಿತುಕೊಳ್ಳಬೇಕಾದುದು ಹೋಟೆಲಿನ ಬಾಗಿಲು ಹಾಕಿದ ಮೇಲೆ. ನಸುಕಿಗೆ ಮತ್ತೆ ಒಲೆ ಹಚ್ಚಬೇಕು. ಆ ಮೂರು ತಾಸನ್ನು ಹಿರಿಯರಿಬ್ಬರೇ ಮುಗಿಸಿಬಿಟ್ಟರೆ, ಸುಗ್ರೀವನ ಅರ್ಥವನ್ನು ವಾರವಿಡೀ ಮನಸ್ಸಿನಲ್ಲಿ ಹದಗೊಳಿಸಿ ಬಂದ ಕಿರಿಯ ಮಾಣಿಯು ಬಾಯಿ ತೆರೆಯದೆಯೇ ಏಳಬೇಕಾಗುತ್ತದೆ. ಮುಂದಿನ ಕೂಟಕ್ಕೆ ಅವನು ಬಾರನು. ಹಿರಿಯರ ಬಳಿಕ ಅರ್ಥ ಹೇಳುವವರೂ ಉಳಿಯರು.

ಆದಕಾರಣ ಎದುರಾಳಿಗೆ ಉತ್ತರಿಸಲು ಒಂದು ಎಳೆ ದೊರೆತೊಡನೆ ಮಾತು ನಿಲ್ಲಿಸುವುದು ತಕ್ಕುದೆಂದು ನಾವು ಭಾವಿಸುತ್ತೇವೆ. ಒಮ್ಮೆಗೇ ಹತ್ತು ಪ್ರಶ್ನೆ ಹಾಕಿದರೆ ಅವನು ಒಂದಕ್ಕೂ ಸರಿಯಾಗಿ ಉತ್ತರಿಸಲಾರನು. ವ್ಯವಸ್ಥಾಪಕರು ಪಾತ್ರ ಹಂಚುವಾಗಲೇ ಹೊತ್ತನ್ನೂ ಹಂಚಲಿ; ಮಿತಿ ಮೀರಿದವರು ಯಾರೇ ಆಗಿರಲಿ, ಮುಂದಿನ ಪದ್ಯವನ್ನೆತ್ತಿಕೊಳ್ಳಲು ಭಾಗವತರು ಹಿಂಜರಿಯದಿರಲಿ.