ಸೂಜಿ ಹಿಡಿದವರ ಹೆಸರೆಲ್ಲಿ?

2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಜಿಐ ಮಾನ್ಯತೆ ಪಡೆದ ನಮ್ಮ ಸಂಡೂರಿನ ಕಸೂತಿ ಅದು. ಹೆಮ್ಮೆಪಟ್ಟೆ. ಆಮೇಲೆ ನನ್ನ ಸಂಶೋಧನೆಯ ಟಿಪ್ಪಣಿ ಪುಸ್ತಕ ತೆರೆದೆ. ಕನ್ನಡಿ, ಕವಡೆ, ಹೊಲಿಗೆಯ ಬಗೆ ಎಲ್ಲವೂ ಇದ್ದವು. ಹೊಲಿದವರ ಹೆಸರು ಎರಡೇ ಕಡೆ. ಕೂಲಿ ಎಷ್ಟೆಂದು ಎಲ್ಲೂ ಇಲ್ಲ. ಪಿಎಚ್.ಡಿ. ಮಾಡುವ ನಾನೇ ಹೀಗಾದರೆ, ಎರಡು ದಿನದ ಉತ್ಸವ ಮಾಡುವವರನ್ನು ಹೇಗೆ ದೂರಲಿ? ಆದರೂ ದೂರಲೇಬೇಕು.

ವಸ್ತ್ರ ಸಂಗ್ರಹಾಲಯಗಳ ನೂಲಿನ ಹಬ್ಬಗಳಲ್ಲಿ ಚರಕ, ಕೈಮಗ್ಗ, ಕಸೂತಿಗಳು ಕಲೆ. ಮೋಟಾರು ಕಟ್ಟಿದ ಹೊಲಿಗೆ ಯಂತ್ರ ಬರೀ ದುಡಿಮೆ. ಕಂಟೋನ್ಮೆಂಟಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿದ ದರ್ಜಿಗಳಿಂದಲೇ ಬಳ್ಳಾರಿಯ ಜೀನ್ಸ್ ಬೆಳೆಯಿತೆಂದು ಈ ಊರು ಹೇಳಿಕೊಳ್ಳುತ್ತದೆ. ಇಲ್ಲಿ ನನ್ನ ಬಾಡಿಗೆ ಮನೆಯ ಪಕ್ಕದ ಅಕ್ಕ ದಿನವಿಡೀ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಾರೆ. “ಇದನ್ನೂ ಮ್ಯೂಸಿಯಂನಾಗ ಇಡ್ತಾರೇನವ್ವಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸಂಗ್ರಹಾಲಯ ಕಾರ್ಮಿಕ ಸಂಘವಲ್ಲ ಎನ್ನುವವರಿದ್ದಾರೆ. ಒಪ್ಪಿದೆ. ಆದರೆ ವಸ್ತುವಿನ ಪಕ್ಕ ಚೀಟಿ ಅಂಟಿಸುವುದು ಅದರದೇ ಕೆಲಸ ತಾನೆ? ‘ಲಂಬಾಣಿ ಕಸೂತಿ, ಸಂಡೂರು’ ಎಂದು ಬರೆಯುವ ಆ ಚೀಟಿಯಲ್ಲಿ ಹೊಲಿದವರ ಹೆಸರಿಗೆ, ಹಿಡಿದ ದಿನಗಳಿಗೆ, ಸಿಕ್ಕ ಕೂಲಿಗೆ ಜಾಗವಿಲ್ಲವೇ?

ಬಳ್ಳಾರಿಯಲ್ಲೂ ವಸ್ತ್ರ ಹಬ್ಬ ಆಗಲಿ. ಕಾರ್ಖಾನೆಗೆ ರಜೆ ಇರುವ ದಿನವೇ ಆಗಲಿ. ಪಕ್ಕದ ಮನೆಯ ಅಕ್ಕ ಅಲ್ಲಿ ಗೌರವಧನ ಪಡೆದು ಕಲಿಸಲಿ. ನಾವು ಸಂಶೋಧಕರು ಚಾಪೆಯ ಮೇಲೆ ಕೂತು ಕಲಿಯೋಣ.