‘ಸಾಕು’ ಎಂಬ ಮಾತು ಕೇಳುವ ಗ್ರಂಥಿ



“ತುಂಬಾ ಟೆನ್ಷನ್ ಆಂಟಿ!” ಎಂದು ನೀವು ಆಗಾಗ ಹೇಳುತ್ತೀರಿ. ಪರೀಕ್ಷೆ, ಇಂಟರ್‌ವ್ಯೂ, ತಪ್ಪಿಹೋದ ಲೋಕಲ್ ಟ್ರೇನು, ಕಾರಣ ಏನೇ ಇರಲಿ. ಆ ಹೊತ್ತಿನಲ್ಲಿ ನಿಮ್ಮ ಮೈಯೊಳಗೆ ಏನು ನಡೆಯುತ್ತದೆಂದು ಗೊತ್ತೇ?

ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಗಾತ್ರ ಬಟಾಣಿ ಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಅದರ ಮೇಲಿರುವ ಹೈಪೋಥಲಾಮಸ್ ಒತ್ತಡದ ಸುಳಿವು ಸಿಕ್ಕೊಡನೆ ಸಿಆರ್‌ಎಚ್ ಎಂಬ ಹಾರ್ಮೋನನ್ನು ಕೆಳಗೆ ಕಳಿಸುತ್ತದೆ. 41 ಅಮೈನೋ ಆಮ್ಲಗಳ ಈ ಸರಪಳಿಯ ರಚನೆಯನ್ನು 1981ರಲ್ಲಿ ಅಮೆರಿಕದ ವೈಲಿ ವೇಲ್ ಮತ್ತು ಸಂಗಡಿಗರು ಕುರಿಯ ಮೆದುಳಿನಿಂದ ಬಿಡಿಸಿ ತೋರಿಸಿದರು. ಅದು ಬಂದು ತಟ್ಟಿದಾಗ ಪಿಟ್ಯುಟರಿಯ ಕೆಲವು ಕೋಶಗಳು ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಮೂತ್ರಪಿಂಡಗಳ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳನ್ನು ಎಬ್ಬಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಹೊರಡುತ್ತದೆ. ಮೈಗೆ ಕಷ್ಟ ಎದುರಿಸುವ ಬಲ ಬರುತ್ತದೆ.

ಬೆರಗಿನ ಸಂಗತಿ ಮುಂದಿದೆ. ಅದೇ ಕಾರ್ಟಿಸಾಲ್ ರಕ್ತದಲ್ಲಿ ಸುತ್ತಿ ಪಿಟ್ಯುಟರಿಯ ಅದೇ ಕೋಶಗಳಿಗೆ ಮರಳಿ ಬಂದು “ಸಾಕು” ಎನ್ನುತ್ತದೆ. ಎಸಿಟಿಎಚ್ ಬಿಡುಗಡೆ ನಿಮಿಷಗಳಲ್ಲೇ ತಗ್ಗತೊಡಗುತ್ತದೆ. ಗಂಟೆಗಳು ಕಳೆದಂತೆ ಕೋಶಕೇಂದ್ರದ ಮಟ್ಟದಲ್ಲಿ ಅದರ ತಯಾರಿಕೆಯೂ ಕುಗ್ಗುತ್ತದೆ. ಹಾಲು ಉಕ್ಕುವ ಮುಂಚೆ ಉರಿ ಸಣ್ಣಗೆ ಮಾಡಿದ ಹಾಗೆ!

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಆಸ್ತಮಾಕ್ಕೋ ಸಂಧಿವಾತಕ್ಕೋ ಕೊಡುವ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಕಾರ್ಟಿಸಾಲಿನ ನೆಂಟರು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದ ರೋಗಿಗೆ ಮೊದಲು ಕಾರ್ಟಿಸೋನ್ ಕೊಟ್ಟಂದಿನಿಂದ ಈ ಬಳಗ ಲಕ್ಷಾಂತರ ಜನರ ನೋವು ಕಳೆದಿದೆ. ಆದರೆ ಪಿಟ್ಯುಟರಿಗೆ ಮಾತ್ರೆ ಯಾವುದು, ಮೈಯದೇ ಕಾರ್ಟಿಸಾಲ್ ಯಾವುದು ಎಂಬ ಭೇದ ತಿಳಿಯದು. ವಾರಗಟ್ಟಲೆ ಮಾತ್ರೆ ನುಂಗಿದರೆ ಅದು “ಸಾಕು” ಎಂದು ತಿಳಿದು ಸುಮ್ಮನಾಗಿಬಿಡುತ್ತದೆ. ಕೇಳುವವರಿಲ್ಲದೆ ಅಡ್ರಿನಲ್ ಗ್ರಂಥಿಗಳೂ ಸೊರಗುತ್ತವೆ. ಆಗ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಿಶ್ಶಕ್ತಿ, ವಾಂತಿ, ರಕ್ತದೊತ್ತಡದ ಕುಸಿತ, ಪ್ರಾಣಕ್ಕೇ ಅಪಾಯವಾಗಬಹುದು. ನಿದ್ದೆಹೋದ ಗ್ರಂಥಿ ಪೂರ್ತಿ ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾದೀತು. ಅದಕ್ಕೇ ಡಾಕ್ಟರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವುದು.

ಊರಿನಿಂದ ಬಂದ ಅಜ್ಜಿಯನ್ನು ಇಲ್ಲಿನ ಡಾಕ್ಟರ ಬಳಿ ಕರೆದೊಯ್ಯುವವರು ನೀವೇ ತಾನೆ? ಅವರ ಮಾತು ಅಜ್ಜಿಗೆ ಅರ್ಥವಾಗದು, ಅಜ್ಜಿಯ ಕನ್ನಡ ಅವರಿಗೆ ತಿಳಿಯದು. ಚೀಟಿಯಲ್ಲಿ ಸ್ಟೀರಾಯ್ಡ್ ಇದೆಯೇ, ಎಷ್ಟು ದಿನ, ಹೇಗೆ ನಿಲ್ಲಿಸಬೇಕು ಎಂದು ಕೇಳಿ ತಿಳಿದುಕೊಳ್ಳಿ. ಆಮೇಲೆ, “ನೋವು ಹೋಯ್ತಲ್ಲ, ಇನ್ಯಾಕೆ ಮಾತ್ರೆ?” ಎನ್ನುವ ಅಜ್ಜಿಗೆ ಅಚ್ಚ ಕನ್ನಡದಲ್ಲಿ ಬಿಡಿಸಿ ಹೇಳಿ. ನೀವು ಕಲಿತ ಕನ್ನಡ ಒಂದು ಜೀವ ಉಳಿಸಲೂಬಹುದು.