ಕನಕಾಂಬರದ ತಾಯಿಗಿಡಕ್ಕೆ ಚಳಿ ದಾಟಿಸೋಣ

ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕನಕಾಂಬರದ ದುಡ್ಡು ದಿನ ಬಿಟ್ಟು ದಿನ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಂಥ ಊರುಗಳಲ್ಲಿ ತೋಟದ ಅಂಚಿನ ನಾಲ್ಕು ಸಾಲು ಕನಕಾಂಬರ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಆಡಿಸುವ ಬೆಳೆ. ಆದರೂ ಅದರ ಬಗ್ಗೆ ನಮಗಿರುವ ಅಸಡ್ಡೆ ಅಷ್ಟಿಷ್ಟಲ್ಲ. ಈ ಮಾತನ್ನು ಬೆಳೆಗಾರ ಬಾಂಧವರ ಮುಂದಿಡುವುದು ಅಗತ್ಯವೆಂದು ನಮಗೆ ತೋರಿದೆ.

ಕನಕಾಂಬರ ಬಿಸಿಲು ನಾಡಿನ ಗಿಡ, ಚಳಿ ಅದಕ್ಕೆ ಆಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಮಾರ್ಗಶಿರ, ಪುಷ್ಯದ ರಾತ್ರಿಗಳು ಸಾಮಾನ್ಯವಲ್ಲ. ಪಕ್ಕದ ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ದಾಖಲೆಯಿದೆ. ಅಷ್ಟು ಚಳಿ ಬಾರದಿದ್ದರೂ ಗಿಡ ಮುದುಡುತ್ತದೆ, ತೆನೆ ಗಿಡ್ಡವಾಗುತ್ತದೆ, ಎಲೆ ಹಳದಿಗೆ ತಿರುಗುತ್ತದೆ. ಅದನ್ನು ಕಂಡು ‘ಗಿಡ ಮುಗಿಯಿತು’ ಎಂದು ಕಿತ್ತೆಸೆದು, ಯುಗಾದಿಯ ಹೊತ್ತಿಗೆ ಹೊಸ ಸಸಿ ಕೊಳ್ಳಲು ಓಡುತ್ತೇವೆ. ಇದು ತಪ್ಪು ಲೆಕ್ಕ.

ಎರಡು ವರ್ಷದ ಹಿಂದೆ ನಾವೂ ಇದೇ ತಪ್ಪು ಮಾಡಿದೆವು. ಕೊಂಡು ತಂದ ಸಸಿಗಳ ಬೇರಿನ ಮಣ್ಣಿನಲ್ಲೇ ಸೊರಗು ರೋಗ ನಮ್ಮ ತೋಟಕ್ಕೆ ಬಂತು. ಮಳೆಗಾಲ ಮುಗಿಯುವುದರೊಳಗೆ ಸಾಲಿಗೆ ಸಾಲೇ ಒಣಗಿತು. ಹೋದದ್ದು ಸಸಿಯ ಬೆಲೆ ಮಾತ್ರವಲ್ಲ, ಆ ಮಣ್ಣಿನಲ್ಲಿ ಮತ್ತೆ ಕನಕಾಂಬರ ಹಾಕುವ ಧೈರ್ಯವೂ ಹೋಯಿತು.

ನಮ್ಮಲ್ಲಿ ಹೆಚ್ಚಾಗಿ ಕಾಣುವ ‘ಡೆಲ್ಲಿ’ ಕನಕಾಂಬರ ಬೀಜ ಕಟ್ಟುವುದಿಲ್ಲ. ಸಾಮಾನ್ಯ ಗಿಡದ ಜೀವಕೋಶದಲ್ಲಿ ವರ್ಣತಂತುಗಳ ಎರಡು ಗುಂಪು, ಇದರಲ್ಲಿ ಮೂರು. ನಮ್ಮ ಪಚ್ಚಬಾಳೆಯದೂ ಇದೇ ಕಥೆ. ಆದ್ದರಿಂದ ಈ ಗಿಡದ ವಂಶ ಮುಂದುವರಿಯುವುದು ಕಡ್ಡಿಯಿಂದ ಮಾತ್ರ. ಕಡ್ಡಿ ಕೊಡುವ ತಾಯಿಗಿಡ ಚಳಿಯಲ್ಲಿ ಸತ್ತರೆ ನಮ್ಮ ಬೀಜದ ಕಣಜವೇ ಬರಿದಾದಂತೆ. ಅಡಿಕೆಗೆ ತಾಯಿಮರ ನೋಡಿ ಗೋಟು ಆರಿಸುವ, ರೊಬಸ್ಟಾ ಕಾಫಿಯ ಒಳ್ಳೆ ಗಿಡದಿಂದ ಕಡ್ಡಿ ತೆಗೆಯುವ ನಮಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಕೆಲಸವೂ ದೊಡ್ಡದಲ್ಲ. ಶ್ರಾವಣ, ಭಾದ್ರಪದದಲ್ಲಿ ರೋಗವಿಲ್ಲದ, ಚೆನ್ನಾಗಿ ಹೂ ಕೊಟ್ಟ ಗಿಡದ ತುದಿಯಿಂದ ನಾಲ್ಕರಿಂದ ಆರು ಅಂಗುಲದ ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಬೇಕು. ಹೂತೆನೆಯನ್ನೂ ಕೆಳಗಿನ ಎಲೆಗಳನ್ನೂ ತೆಗೆದು, ಮರಳು, ಕೆಂಪುಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ತುಂಬಿದ ಚೀಲದಲ್ಲಿ ನೆಟ್ಟು ನೆರಳಿನಲ್ಲಿಡಬೇಕು. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ಚಳಿ ಬಲಿಯುವ ಮುನ್ನ ಬೇರು ಗಟ್ಟಿಯಾಗಬೇಕು. ಪುಷ್ಯದಲ್ಲಿ ಕಡ್ಡಿ ನೆಟ್ಟರೆ ಬೇರಿಗಿಂತ ಮೊದಲು ಕೊಳೆ ಬರುತ್ತದೆ.

ಚಳಿಗಾಲದಲ್ಲಿ ಈ ಚೀಲಗಳಿಗೆ ಅಡಿಕೆ ತೋಟದ ಅಂಚೇ ಒಳ್ಳೆಯ ಮನೆ. ಮೇಲಿನ ಸೋಗೆ ನೆಲದ ಕಾವು ರಾತ್ರಿ ಆಕಾಶಕ್ಕೆ ಹೋಗದಂತೆ ತಡೆಯುತ್ತದೆ. ತಣ್ಣನೆಯ ಗಾಳಿ ಇಳಿದು ನಿಲ್ಲುವ ತಗ್ಗಿನಲ್ಲಿ ಮಾತ್ರ ಇಡಬಾರದು. ನೀರನ್ನು ಬೆಳಿಗ್ಗೆ ಬಿಸಿಲೇರಿದ ಮೇಲೆ ಹಿತಮಿತವಾಗಿ ಕೊಡಬೇಕು. ಸಾಲಿನ ಹಳೆಯ ಗಿಡಗಳ ಬುಡಕ್ಕೆ ತರಗು ಹೊದಿಸಬೇಕು. ಚಳಿಯಲ್ಲಿ ಕತ್ತರಿ ಮುಟ್ಟಿಸಬಾರದು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಆಮೇಲೆ ಒಣಗಿದ ತುದಿ ಸವರಿ ಗೊಬ್ಬರ ಕೊಟ್ಟರೆ ಗಿಡ ತಾನೇ ಚಿಗುರುತ್ತದೆ.

‘ಸಸಿ ಕೊಳ್ಳುವುದೇ ಸುಲಭ, ಇಷ್ಟೆಲ್ಲ ಉಪಚಾರ ಯಾಕೆ?’ ಎನ್ನುವವರಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕದಂಥ ತಳಿಗಳನ್ನು ಕೊಟ್ಟಿದೆ. ಅಂಥವನ್ನು ತರಬೇಡಿ ಎಂದು ನಾವು ಹೇಳುತ್ತಿಲ್ಲ. ತಂದದ್ದನ್ನು ಮೊದಲು ಬೇರೆ ಮೂಲೆಯಲ್ಲಿಟ್ಟು ನೋಡಿ ಎನ್ನುತ್ತೇವೆ. ಒಂದೇ ಗಿಡದ ಕಡ್ಡಿಗಳೆಲ್ಲ ಒಂದೇ ಗುಣದವು, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಬೇರು ತಿನ್ನುವ ದುಂಡುಜಂತುವೂ ಸೊರಗು ರೋಗವೂ ಸಾಗುವುದು ಮಣ್ಣಿನ ಜೊತೆಗೆ. ಆದ್ದರಿಂದ ನೆರೆಹೊರೆಯವರು ಬೇರುಸಹಿತ ಸಸಿ ಕೊಡುವ ಬದಲು ಮೇಲಿನ ಕಡ್ಡಿ ಕೊಟ್ಟು ತೆಗೆದುಕೊಳ್ಳುವುದು ಕ್ಷೇಮ. ರೋಗ ಬಂದ ನೆಲದಲ್ಲಿ ಕೆಲಕಾಲ ಚೆಂಡುಹೂ ಬೆಳೆದರೆ ಜಂತುವಿನ ಕಾಟವೂ ತಗ್ಗುತ್ತದೆ.

ಪ್ರತಿ ಸದಸ್ಯರ ಮನೆಯಲ್ಲೂ ಹತ್ತು ತಾಯಿಗಿಡ ಚಳಿ ದಾಟಲಿ ಎಂಬುದೇ ನಮ್ಮ ಸೂಚನೆ. ಒಬ್ಬರದು ಹೋದರೆ ಇನ್ನೊಬ್ಬರ ಹಿತ್ತಲಿನಿಂದ ಕಡ್ಡಿ ಬರುತ್ತದೆ. ಸಹಕಾರ ಸಾಲದ ಪುಸ್ತಕದಲ್ಲಷ್ಟೇ ಇದ್ದರೆ ಸಾಲದು, ಹಿತ್ತಲಿಗೂ ಬರಬೇಕು.